ಪಡಿಯಚ್ಚಿನ ಚರಿತ್ರೆ: ಮೇಣದಿಂದ ಸಿಲಿಕೋನಿನವರೆಗೆ

ಕನ್ನಡದಲ್ಲಿ ‘ಪಡಿಯಚ್ಚು’ ಎಂಬ ಶಬ್ದವು ಎರಡು ಪದಗಳ ಕೂಡುವಿಕೆಯಿಂದ ಆದುದು. ‘ಪಡಿ’ ಎಂಬುದು ಸಂಸ್ಕೃತದ ‘ಪ್ರತಿ’ ಶಬ್ದದ ತದ್ಭವ. ‘ಅಚ್ಚು’ ಎಂಬುದು ದ್ರವವಾಗಲಿ ಮೃದುವಾಗಲಿ ಆದ ಪದಾರ್ಥಕ್ಕೆ ರೂಪವನ್ನು ಕೊಡತಕ್ಕ ಸಾಧನ. ಅಚ್ಚಿನೊಳಕ್ಕೆ ಎರೆದುದರಿಂದ ಹುಟ್ಟಿದುದು ‘ಎರಕ’. ಓಲೆಗರಿಯ ಗ್ರಂಥವನ್ನು ನೋಡಿ ಬರೆದುಕೊಂಡುದನ್ನೂ ನಮ್ಮವರು ‘ಪ್ರತಿ’ ಎಂದೇ ಕರೆದರು. ಯಾವುದನ್ನು ನೋಡಿ ಬರೆದರೋ ಅದನ್ನು ‘ಮಾತೃಕೆ’ ಎಂದರು. ಹೀಗೆ ಲಿಪಿಕಾರನ ಕೆಲಸಕ್ಕೂ ಕಂಚುಗಾರನ ಕೆಲಸಕ್ಕೂ ಭಾಷೆಯಲ್ಲಿಯೇ ಒಂದು ಬಾಂಧವ್ಯವುಂಟು. ಈ ಬಾಂಧವ್ಯವು ಕೇವಲ ಶಾಬ್ದಿಕವಾದುದೋ, ಅಥವಾ ವಸ್ತುತತ್ತ್ವದಲ್ಲಿಯೂ ಇರುವುದೋ ಎಂಬುದು ವಿಚಾರಣೀಯವಾದ ವಿಷಯ. ಒಂದು ವಸ್ತುವಿನಿಂದ ಅದರಂತೆಯೇ ಇರುವ ಇನ್ನೊಂದನ್ನು ಪಡೆಯುವ ಕಲೆಯ ಚರಿತ್ರೆಯನ್ನು ಆದಿಯಿಂದ ಪರಿಶೀಲಿಸಿದರೆ ಈ ಪ್ರಶ್ನೆಗೆ ಉತ್ತರವು ತಾನಾಗಿಯೇ ದೊರೆಯುವುದು.

ಎರಕದ ಕೆಲಸದಲ್ಲಿ ಮೂರು ಅಂಗಗಳುಂಟು: ಮೊದಲನೆಯದು ಮಾತೃಕೆ, ಎರಡನೆಯದು ಅಚ್ಚು, ಮೂರನೆಯದು ಎರಕದಿಂದ ಬಂದ ಪ್ರತಿರೂಪ. ಇವು ಮೂರೂ ಕೆಡದೆ ಉಳಿಯಬೇಕು, ಪ್ರತಿರೂಪವು ಮಾತೃಕೆಯ ಸೂಕ್ಷ್ಮರೇಖೆಗಳನ್ನೂ ಬಿಡದೆ ತೋರಬೇಕು ಎಂಬುದು ಶಿಲ್ಪಿಯ ಆಶಯ. ಆದರೆ ಬಹುಕಾಲದವರೆಗೆ ಈ ಆಶಯವು ಪೂರ್ಣವಾಗಿ ಕೈಗೂಡಲಿಲ್ಲ; ಯಾವುದಾದರೊಂದನ್ನು ತ್ಯಾಗಮಾಡಲೇಬೇಕಾಗಿತ್ತು. ಯಾವ ದೇಶದಲ್ಲಿ, ಯಾವ ಕಾಲದಲ್ಲಿ, ಯಾವುದನ್ನು ತ್ಯಜಿಸಿ ಯಾವುದನ್ನು ಉಳಿಸಿಕೊಂಡರು ಎಂಬುದೇ ಈ ಕಲೆಯ ಚರಿತ್ರೆಯೆಂದು ಹೇಳಬಹುದು.

ಭರತಖಂಡದಲ್ಲಿ ಲೋಹದ ಎರಕವು ಅತಿ ಪ್ರಾಚೀನವಾದುದು. 1926ರಲ್ಲಿ ಮೊಹೆಂಜೊದಾರೊವಿನ ಅಗೆತದಲ್ಲಿ ದೊರೆತ, ‘ನರ್ತಕಿ’ಯೆಂದು ಪ್ರಸಿದ್ಧವಾದ ಸುಮಾರು ಹತ್ತೂವರೆ ಸೆಂಟಿಮೀಟರು ಎತ್ತರದ ಕಂಚಿನ ಪ್ರತಿಮೆಯು ಮೇಣದ ಮಾತೃಕೆಯಿಂದ ಎರೆದುದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಈ ವಿಧಾನಕ್ಕೆ ಶಾಸ್ತ್ರದಲ್ಲಿ ‘ಮಧೂಚ್ಛಿಷ್ಟವಿಧಾನ’ವೆಂದು ಹೆಸರು. ಜೇನನ್ನು ಹಿಂಡಿದ ಮೇಲೆ ಉಳಿಯುವುದು ಮಧೂಚ್ಛಿಷ್ಟ, ಎಂದರೆ ಮೇಣ. ಇದರ ವಿಶದವಾದ ವಿವರಣೆಯು ಕನ್ನಡ ನಾಡಿನಲ್ಲಿಯೇ ಹುಟ್ಟಿದ ಗ್ರಂಥದಲ್ಲಿ ದೊರೆಯುವುದೆಂಬುದು ಕನ್ನಡಿಗರು ಸ್ಮರಿಸತಕ್ಕ ಸಂಗತಿ. ಕಲ್ಯಾಣದಲ್ಲಿ ಕ್ರಿ.ಶ. 1126ರಿಂದ 1138ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವೇ ಆ ಗ್ರಂಥ. ‘ಅಭಿಲಷಿತಾರ್ಥಚಿಂತಾಮಣಿ’ಯೆಂಬುದು ಅದರ ನಾಮಾಂತರ, ಆ ಹೆಸರಿನಿಂದ ಅದರ ಪ್ರಥಮ ಭಾಗವು 1926ರಲ್ಲಿ ಮೈಸೂರಿನಲ್ಲಿ ಮುದ್ರಿತವಾಯಿತು.

ಆ ಗ್ರಂಥದ ಮೊದಲ ವಿಂಶತಿಯಲ್ಲಿ ಹೇಳಿರುವ ಕ್ರಮದ ಸಾರಾಂಶವು ಹೀಗಿದೆ. ಶಾಸ್ತ್ರೋಕ್ತವಾದ ಪ್ರಮಾಣಗಳಿಗೆ ಅನುಸಾರವಾಗಿ ದೇವತಾಮೂರ್ತಿಯನ್ನು ಮೊದಲು ಮೇಣದಲ್ಲಿ ಮಾಡಬೇಕು. ಅದರ ಬೆನ್ನು, ಹೆಗಲು ಮೊದಲಾದ ಎಡೆಗಳಲ್ಲಿ ದತ್ತೂರಿಯ ಹೂವಿನಂತೆ ಬಾಯಗಲವಾದ ನಾಳಗಳನ್ನು ಜೋಡಿಸಬೇಕು. ಸುಟ್ಟ ಹೊಟ್ಟು, ನುಣ್ಣಗೆ ಕತ್ತರಿಸಿದ ಹತ್ತಿ, ಅರೆದ ಉಪ್ಪು ಇವುಗಳನ್ನು ಬೆರಸಿ ಹದಮಾಡಿದ ಮಣ್ಣನ್ನು ಮೇಣದ ಬೊಂಬೆಗೆ ಮೊದಲು ತೆಳ್ಳಗೆ ಲೇಪಿಸಿ ನೆರಳಿನಲ್ಲಿ ಒಣಗಿಸಬೇಕು; ಅದು ಆರಿದ ತರುವಾಯ ಎರಡನೆಯ ಲೇಪ, ಕಡೆಗೆ ದಪ್ಪವಾದ ಮೂರನೆಯ ಲೇಪ. ನಾಳಗಳ ಬಾಯಿಗಳನ್ನು ಮಾತ್ರ ಮುಚ್ಚಕೂಡದು. ಬಳಿಕ ಕಾಯಿಸಿ ಮೇಣವನ್ನು ಹೊರಕ್ಕೆ ಹರಿಸಿದರೆ ಒಳಗೆ ಮೂರ್ತಿಯ ಆಕಾರದ ಶೂನ್ಯವು ಉಳಿಯುವುದು. ಲೋಹವನ್ನು ತೆಂಗಿನಕಾಯಿಯ ಆಕಾರದ ಮಣ್ಣಿನ ಮೂಸೆಯಲ್ಲಿ ಕರಗಿಸಿ, ಆ ಮೂಸೆಗೆ ಕಬ್ಬಿಣದ ಸಲಾಕೆಯಿಂದ ರಂಧ್ರಮಾಡಿ, ಧಾರೆ ಕಡಿಯದಂತೆ ನಾಳದ ಬಾಯಿ ತುಂಬುವವರೆಗೆ ಎರೆಯಬೇಕು. ತಣಿದ ಮೇಲೆ ಮಣ್ಣನ್ನು ಜಾಗರೂಕತೆಯಿಂದ ಒಡೆದು, ನಾಳಗಳನ್ನು ಕತ್ತರಿಸಿ ತೆಗೆದರೆ ಮೂರ್ತಿಯು ಸಿದ್ಧವಾಗುವುದು.

ಈ ಪ್ರಕರಣದಲ್ಲಿ ಸೋಮೇಶ್ವರನು ತೂಕದ ಲೆಕ್ಕವನ್ನೂ ಕೊಟ್ಟಿದ್ದಾನೆ. ಮೇಣದ ಬೊಂಬೆಯನ್ನು ತೂಗಿ, ಬೆಳ್ಳಿಯಾದರೆ ಅದರ ಹನ್ನೆರಡು ಮಡಿ, ಚಿನ್ನವಾದರೆ ಹದಿನಾರು ಮಡಿ ತೆಗೆದುಕೊಳ್ಳಬೇಕೆಂಬುದು ಆ ಲೆಕ್ಕ. ಈಗಿನ ಪದಾರ್ಥವಿಜ್ಞಾನದ ಅಳತೆಯೊಡನೆ ಇದನ್ನು ಹೋಲಿಸಿ ನೋಡುವುದು ಉಚಿತ. ಸಮಗಾತ್ರದ ಮೇಣಕ್ಕಿಂತ ಬೆಳ್ಳಿಯು ಸುಮಾರು ಹನ್ನೊಂದು ಮಡಿ ತೂಗುವುದು. ನಾಳಗಳಲ್ಲಿ ನಿಲ್ಲುವ ಲೋಹವನ್ನೂ ಕರಗುವಾಗ ಆಗುವ ನಷ್ಟವನ್ನೂ ಸೇರಿಸಿದರೆ ಹನ್ನೆರಡು ಮಡಿಯೆಂಬುದು ಅನುಭವಸಿದ್ಧವಾದ ಮಾತೆಂದು ಸ್ಪಷ್ಟವಾಗುವುದು. ಅಪರಂಜಿಯಾದರೋ ಸುಮಾರು ಇಪ್ಪತ್ತು ಮಡಿ ತೂಗತಕ್ಕದ್ದು. ಹದಿನಾರು ಮಡಿಯ ಲೆಕ್ಕವು ಬೆಳ್ಳಿ ತಾಮ್ರಗಳನ್ನು ಗಣನೀಯವಾಗಿ ಬೆರಸಿದ ಚಿನ್ನಕ್ಕೆ ಸರಿಹೊಂದುವುದೇ ಹೊರತು ಅಪರಂಜಿಗೆ ಹೊಂದದು. ಆದುದರಿಂದ ಗ್ರಂಥಕಾರನು ಹೇಳುವ ಸುವರ್ಣಪ್ರತಿಮೆಯು ಮಿಶ್ರಸುವರ್ಣದ್ದಾಗಿರಬಹುದೆಂದು ಊಹಿಸಲು ಅವಕಾಶವಿದೆ. ಅದು ಹೇಗಾದರೂ ಇರಲಿ, ಅಚ್ಚಿನೊಳಗಣ ಶೂನ್ಯದ ಗಾತ್ರವನ್ನು ಎರೆಯುವ ಮೊದಲೇ ತೂಕದಿಂದ ತಿಳಿಯುವ ಯುಕ್ತಿಯು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶಾಸ್ತ್ರವಾಗಿ ನೆಲೆಗೊಂಡಿತ್ತೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಇಲ್ಲಿ ಒಂದು ಭ್ರಾಂತಿಯನ್ನು ಪರಿಹರಿಸಬೇಕಾಗಿದೆ. ಮಧೂಚ್ಛಿಷ್ಟವಿಧಾನವನ್ನು ಪ್ರತಿರೂಪಗಳನ್ನು ಮಾಡುವ ವಿಧಾನವೆಂದು ಕೆಲವರು ಭಾವಿಸುವುದುಂಟು. ವಸ್ತುತಃ ಅದು ಅದಕ್ಕೆ ವಿರುದ್ಧವಾದುದು. ಮೇಣವು ಕರಗಿಹೋಗುವುದರಿಂದ ಮಾತೃಕೆಯು ನಾಶವಾಗುವುದು. ಮಣ್ಣನ್ನು ಒಡೆಯುವುದರಿಂದ ಅಚ್ಚೂ ನಾಶವಾಗುವುದು. ಉಳಿಯುವುದು ಒಂದೇ ಮೂರ್ತಿ. ಎರಡನ್ನು ಬಲಿಗೊಟ್ಟು ಒಂದನ್ನು ಪಡೆಯುವ ಈ ಕ್ರಮದಲ್ಲಿ ಸೂಕ್ಷ್ಮತೆಗೆ ಎಳ್ಳಷ್ಟೂ ಲೋಪವಿಲ್ಲ; ಏಕೆಂದರೆ ಅಚ್ಚಿನಿಂದ ಮೂರ್ತಿಯನ್ನು ಎಳೆದು ಬಿಡಿಸುವ ತೊಡಕೇ ಇಲ್ಲ. ದೇವತಾಪ್ರತಿಮೆಗೆ ಇದು ಯುಕ್ತವೂ ಆಗಿತ್ತು. ಪ್ರತಿಷ್ಠೆಗೊಳ್ಳುವ ಮೂರ್ತಿಯು ಒಂದೇ ಆದುದರಿಂದ ಅದಕ್ಕೆ ಪ್ರತಿಯ ಅವಶ್ಯಕತೆಯಿರಲಿಲ್ಲ.

ಪ್ರತಿಗಳ ಅವಶ್ಯಕತೆಯು ತಲೆದೋರಿದುದು ಬೇರೆ ಎಡೆಗಳಲ್ಲಿ: ನಾಣ್ಯಗಳಲ್ಲಿ, ಮುದ್ರೆಗಳಲ್ಲಿ, ಜನಸಾಮಾನ್ಯರ ಮನೆಗಳ ಮಣ್ಣಿನ ಬೊಂಬೆಗಳಲ್ಲಿ. ಮಥುರೆ, ಕೌಶಾಂಬಿ ಮುಂತಾದ ಸ್ಥಳಗಳಲ್ಲಿ ದೊರೆತಿರುವ ಶುಂಗರ ಕಾಲದ ಮಣ್ಣಿನ ಫಲಕಗಳು ಒಂದೇ ಅಚ್ಚಿನಿಂದ ಒತ್ತಿ ತೆಗೆದವು. ಆದಕಾರಣ ಅವುಗಳ ಮುಂಭಾಗದಲ್ಲಿ ರೂಪವಿದ್ದು ಹಿಂಭಾಗವು ಚಪ್ಪಟೆಯಾಗಿರುವುದು. ಸಾತವಾಹನರ ಕಾಲಕ್ಕೆ ದಕ್ಷಿಣಾಪಥದ ತೇರ್, ಕೊಂಡಾಪುರ ಮೊದಲಾದ ಕಡೆಗಳಲ್ಲಿ ಎರಡು ಅಚ್ಚುಗಳ ಪದ್ಧತಿಯು ಕಾಣಬರುವುದು. ಮುಂಭಾಗಕ್ಕೊಂದು, ಹಿಂಭಾಗಕ್ಕೊಂದು ಅಚ್ಚನ್ನು ಮಾಡಿ, ಎರಡರಲ್ಲಿಯೂ ಮಣ್ಣನ್ನು ಒತ್ತಿ ಕೂಡಿಸಿದುದರಿಂದ ಬೊಂಬೆಯು ಸುತ್ತಲೂ ದುಂಡಾಗಿ ಬರುತ್ತಿತ್ತು. ಕೂಡಿಸಿದ ಎಡೆಯಲ್ಲಿ ಏಳುವ ಗೆರೆಯನ್ನು ಕೆತ್ತಿ ಸಮಮಾಡುತ್ತಿದ್ದರು.

ನಾಣ್ಯಗಳ ವಿಷಯದಲ್ಲಿ ದೊರೆತಿರುವ ಸಾಕ್ಷ್ಯವು ಇನ್ನೂ ವಿಸ್ಮಯಕರವಾದುದು. ಸಸ್ಯಶಾಸ್ತ್ರಜ್ಞರೆಂದು ಲೋಕವಿಖ್ಯಾತರಾದ ಬೀರಬಲ್ ಸಾಹನಿಯವರು 1936ರಲ್ಲಿ ರೋಹತಕಿನ ಖೋಖರಾಕೋಟೆಯ ದಿಬ್ಬದಲ್ಲಿ ಯೌಧೇಯಗಣದ ನಾಣ್ಯಗಳ ಸುಟ್ಟ ಮಣ್ಣಿನ ಅಚ್ಚುಗಳನ್ನು ಕಂಡರು. ಅವುಗಳನ್ನು ಕುರಿತ ಅವರ ಪ್ರಬಂಧವು 1945ರಲ್ಲಿ ಪ್ರಕಟವಾಯಿತು. ಗುಂಡಾದ ಬಿಲ್ಲೆಗಳಲ್ಲಿ ನಾಣ್ಯದ ಗುಳಿಗಳನ್ನು ಸುತ್ತಲೂ ಏರ್ಪಡಿಸಿ, ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುವಣ ಒಂದೇ ರಂಧ್ರದಿಂದ ಎರೆದ ಲೋಹವು ಕಾಲುವೆಗಳ ಮೂಲಕ ಎಲ್ಲ ಗುಳಿಗಳಿಗೂ ಹರಿಯುವಂತೆ ಮಾಡಿದ್ದರೆಂದು ಅದರಿಂದ ತಿಳಿದುಬರುತ್ತದೆ. ಒಂದೇ ಎರಕಕ್ಕೆ ಅನೇಕ ನಾಣ್ಯಗಳು! ಇಲ್ಲಿ ಸಂಖ್ಯೆಯು ಲಭಿಸಿತು. ಆದರೆ ರೂಪವು ತೆಳುವಾದ ಉಬ್ಬುಗೆತ್ತನೆಗೆ ಸೀಮಿತವಾಯಿತು.

ಇದಕ್ಕೆ ಕಾರಣವು ಸ್ವಾರಸ್ಯವಾದುದು. ಮಣ್ಣು, ಕಲ್ಲು ಮೊದಲಾದ ಕಠಿನದ್ರವ್ಯಗಳ ಅಚ್ಚಿನಿಂದ ಎರಕವು ಹೊರಬರಬೇಕಾದರೆ ಅದರ ಯಾವ ಭಾಗವೂ ಒಳಕ್ಕೆ ಸರಿದು ಸಿಕ್ಕಿಕೊಂಡಿರಕೂಡದು. ನಾಣ್ಯಕ್ಕೆ ಈ ಬಾಧಕವಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತ ಪ್ರತಿಮೆಯನ್ನು ತೆಗೆದುಕೊಂಡರೆ, ತೋಳಿಗೂ ಮೈಗೂ ನಡುವೆ ಹೊಕ್ಕ ಅಚ್ಚು ಮೂರ್ತಿಯನ್ನಾಗಲಿ ತನ್ನನ್ನಾಗಲಿ ಮುರಿಯದೆ ಹೊರಬಾರದು. ಯೂರೋಪಿನ ಶಿಲ್ಪಿಗಳು ಇದಕ್ಕೆ ಕಂಡುಕೊಂಡ ಉಪಾಯವು ಬಹುಖಂಡಗಳ ಅಚ್ಚು. ಮಾತೃಕೆಯ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಗಾರೆಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ, ಒಂದೊಂದೂ ತನ್ನ ದಿಕ್ಕಿನಲ್ಲಿ ಸುಲಭವಾಗಿ ಬಿಟ್ಟುಬರುವಂತೆ ಕೂಡಿಸಿ, ಎಲ್ಲವನ್ನೂ ಹಿಡಿದಿಡುವ ದೊಡ್ಡ ಕವಚವೊಂದನ್ನು ಹೊರಗೆ ಮಾಡುತ್ತಿದ್ದರು. ಫ್ರಾನ್ಸಿನ ದೊರೆ ಒಂದನೆಯ ಫ್ರಾನ್ಸಿಸನು 1540ರಲ್ಲಿ ಪ್ರಿಮಾಟಿಚ್ಚೊ ಎಂಬ ಕಲಾವಿದನನ್ನು ರೋಮಿಗೆ ಕಳುಹಿಸಿ, ಅಲ್ಲಿಯ ಪುರಾತನ ಶಿಲ್ಪಗಳ ಅಚ್ಚುಗಳನ್ನು ತರಿಸಿಕೊಂಡು, ಫೌಂಟೆನ್‌ಬ್ಲೋ ಅರಮನೆಯಲ್ಲಿ ಕಂಚಿನ ಪ್ರತಿರೂಪಗಳನ್ನು ಎರೆಯಿಸಿದನು. ಮಾತೃಕೆಯು ರೋಮಿನಲ್ಲಿ ಕದಲದೆ ಉಳಿಯಿತು. ಅದರ ಪ್ರತಿಯು ಫ್ರಾನ್ಸಿಗೆ ಬಂದಿತು. ಆದರೆ ಈ ಕ್ರಮದಲ್ಲಿ ಖಂಡಗಳು ಕೂಡುವೆಡೆಗಳಲ್ಲೆಲ್ಲ ಗೆರೆಗಳು ಏಳುತ್ತಿದ್ದವು; ಅವುಗಳನ್ನು ಕೆರೆದು ತೆಗೆಯುವಾಗ ಮೂಲದ ಸೂಕ್ಷ್ಮರೇಖೆಯು ಅಷ್ಟರಮಟ್ಟಿಗೆ ಅಳಿಯುತ್ತಿತ್ತು. ಇಲ್ಲಿ ತ್ಯಾಗವಾದುದು ಸೂಕ್ಷ್ಮತೆ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಜೆಲಟಿನ್ನಿನ, ಎಂದರೆ ಪ್ರಾಣಿಗಳ ಚರ್ಮ ಮೂಳೆಗಳನ್ನು ಕುದಿಸಿ ತೆಗೆದ ಅಂಟಿನ, ಅಚ್ಚುಗಳು ಬಳಕೆಗೆ ಬಂದವು. ಬಗ್ಗುವ ಗುಣವುಳ್ಳ ಅಚ್ಚು ತೋಳಿನ ಸಂದಿಯಿಂದ ತಾನೇ ಬಾಗಿ ಹೊರಬರುವುದು. ಖಂಡಗಳ ಸಂಖ್ಯೆಯು ಬಹಳವಾಗಿ ತಗ್ಗುವುದು. ಈ ಸಾಧನದ ನೆರವಿನಿಂದ ನಡೆದ ಒಂದು ಕಾರ್ಯವು ಭಾರತೀಯರಿಗೆ ವಿಶೇಷವಾಗಿ ಸಂಬಂಧಪಟ್ಟುದು. ಭೋಪಾಲ ಸಂಸ್ಥಾನದಲ್ಲಿದ್ದ ಸಾಂಚಿಯ ಮಹಾಸ್ತೂಪದ ಪೂರ್ವತೋರಣವನ್ನು ಕಿತ್ತು ಯೂರೋಪಿಗೆ ಸಾಗಿಸಬೇಕೆಂಬ ಪ್ರಸ್ತಾಪಗಳು ಆ ಕಾಲದಲ್ಲಿ ಹುಟ್ಟಿದ್ದವು. ಕಡೆಗೆ ಶಿಲೆಯನ್ನು ಸ್ವಸ್ಥಾನದಲ್ಲಿಯೇ ಬಿಟ್ಟು ಪ್ರತಿರೂಪವನ್ನು ಮಾತ್ರ ತೆಗೆಯುವುದೆಂದು ನಿಶ್ಚಯವಾಗಿ, ಲೆಫ್ಟಿನೆಂಟ್ ಹೆನ್ರಿ ಹಾರ್ಡಿ ಕೋಲನು 1869–70ರಲ್ಲಿ ಗಾರೆ ಜೆಲಟಿನ್‌ಗಳೊಡನೆ ಸಾಂಚಿಗೆ ಹೋಗಿ, ಸುಮಾರು 33 ಅಡಿ ಎತ್ತರದ ಆ ತೋರಣವನ್ನು ಅನೇಕ ಭಾಗಗಳಾಗಿ ಅಚ್ಚು ತೆಗೆಸಿದನು. ಆ ಪ್ರತಿರೂಪವು 1871ರ ಲಂಡನ್ ಪ್ರದರ್ಶನದಲ್ಲಿ ನಿಂತಿತು. ಅದೇ ತೋರಣದ ಮರಳುಗಲ್ಲಿನ ಪ್ರತಿಕೃತಿಯೊಂದನ್ನು ಬರ್ಲಿನಿನ ಹುಂಬೋಲ್ಟ್ ಫೋರಂ ಮುಂದೆ 2022ರಲ್ಲಿ ನಿಲ್ಲಿಸಿದರು. ಮೂಲವು ಈಗಲೂ ಸಾಂಚಿಯಲ್ಲಿಯೇ ಇದೆ. ಅಚ್ಚು ಎಂಬ ಸಾಧನವು ಇಲ್ಲದೆ ಹೋಗಿದ್ದರೆ ಆ ಪ್ರಸ್ತಾಪಗಳ ಪರಿಣಾಮವು ಬೇರೆಯಾಗಬಹುದಾಗಿತ್ತು.

ಜೆಲಟಿನ್ನಿಗಾದರೋ ದೋಷಗಳು ಹಲವು. ಅದು ನೀರಿಗೆ ಉಬ್ಬುವುದು, ಶಾಖಕ್ಕೆ ಕರಗುವುದು, ಒಣಗಿದರೆ ಕುಗ್ಗುವುದು. ಕೆಲವೇ ಎರಕಗಳಾದ ಮೇಲೆ ಸೂಕ್ಷ್ಮತೆಯನ್ನು ಕಳೆದುಕೊಳ್ಳುವುದು. ಈ ದೋಷಗಳಿಲ್ಲದೆ ಬಗ್ಗುವ ಗುಣವೊಂದನ್ನೇ ಉಳಿಸಿಕೊಂಡ ದ್ರವ್ಯವು ಸಿಲಿಕೋನು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ರಸಾಯನಶಾಸ್ತ್ರದ ಆಚಾರ್ಯನಾಗಿದ್ದ ಫ್ರೆಡರಿಕ್ ಕಿಪ್ಪಿಂಗನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಈ ಹೆಸರನ್ನಿಟ್ಟನು. ಅಮೆರಿಕೆಯ ಯೂಜಿನ್ ರೋಚೋವನು 1940ರಲ್ಲಿ ಇದರ ಮೂಲದ್ರವ್ಯಗಳನ್ನು ಸುಲಭವಾಗಿ ತಯಾರಿಸುವ ಕ್ರಮವನ್ನು ಕಂಡುಹಿಡಿದ ಮೇಲೆ ಅದು ವ್ಯಾಪಾರಕ್ಕೆ ಬಂದಿತು. ಸಿಲಿಕೋನಿನ ಬೆನ್ನೆಲುಬಾದ ಸಿಲಿಕಾನ್ ಎಂಬ ಮೂಲವಸ್ತುವು ಮರಳಿನಲ್ಲಿಯೂ ಜೇಡಿಮಣ್ಣಿನಲ್ಲಿಯೂ ಇರತಕ್ಕದ್ದು. ಕಲ್ಯಾಣದ ಕಂಚುಗಾರನು ಮೇಣಕ್ಕೆ ಮೆತ್ತಿದ ಮಣ್ಣಿಗೂ ಈ ನೂತನದ್ರವ್ಯಕ್ಕೂ ಹೀಗೆ ಒಂದು ಕುಲಸಂಬಂಧವುಂಟು.

ಸಿಲಿಕೋನಿನ ಅಚ್ಚನ್ನು ಮಾಡುವ ಕ್ರಮವು ಸಾತವಾಹನರ ಕಾಲದ ಎರಡು ಅಚ್ಚುಗಳ ಕ್ರಮವನ್ನು ನೆನಪಿಗೆ ತರುವುದು. ಮಾತೃಕೆಯನ್ನು ಅರ್ಧದವರೆಗೆ ಜೇಡಿಯಲ್ಲಿ ಹುದುಗಿಸಿ, ಜೇಡಿಯ ಮೇಲೆ ಅಲ್ಲಲ್ಲಿ ಗುಳಿಗಳನ್ನು ಮಾಡಿ, ಸುತ್ತಲೂ ಪೆಟ್ಟಿಗೆಯಂತೆ ಗೋಡೆಯನ್ನು ಕಟ್ಟುವರು. ಎರಡು ದ್ರವಗಳನ್ನು ಗೊತ್ತಾದ ಪ್ರಮಾಣದಲ್ಲಿ ಬೆರಸಿ, ಗಾಳಿಯ ಗುಳ್ಳೆ ಸೇರದಂತೆ ಒಂದು ಮೂಲೆಯಿಂದ ಸಣ್ಣ ಧಾರೆಯಾಗಿ ಎರೆದರೆ, ಕೆಲವು ಗಂಟೆಗಳಲ್ಲಿ ಅದು ರಬ್ಬರಿನಂತೆ ಹೆಪ್ಪುಗಟ್ಟುವುದು. ಬಳಿಕ ಬೋರಲು ಹಾಕಿ, ಜೇಡಿಯನ್ನು ತೆಗೆದು, ಬೇರ್ಪಡಿಸುವ ಲೇಪವನ್ನು ಹಚ್ಚಿ, ಉಳಿದರ್ಧವನ್ನು ಎರೆಯುವರು. ಈ ಲೇಪವು ಅತ್ಯಾವಶ್ಯಕ. ಸಿಲಿಕೋನು ಬೇರೆ ಪದಾರ್ಥಗಳಿಗೆ ಸಾಮಾನ್ಯವಾಗಿ ಅಂಟದಿದ್ದರೂ ತನಗೆ ತಾನು ಬಿಡಿಸಲಾರದಂತೆ ಅಂಟುವುದು. ಜೇಡಿಯಲ್ಲಿ ತೋಡಿದ ಗುಳಿಗಳು ಮೊದಲರ್ಧದಲ್ಲಿ ಉಬ್ಬುಗಳಾಗಿ ಮೂಡಿ, ಮರುಭಾಗದಲ್ಲಿ ಅವುಗಳಿಗೆ ತಕ್ಕ ಕುಳಿಗಳಾಗುವುದರಿಂದ ಎರಡು ಭಾಗಗಳೂ ತಪ್ಪದೆ ಒಂದಕ್ಕೊಂದು ಕೂಡುವುವು. ಎರೆಯುವ ಬಾಯಿಯೂ ಗಾಳಿ ಹೊರಡುವ ದಾರಿಯೂ ಇಲ್ಲಿಯೂ ಬೇಕು. ಮಾನಸೋಲ್ಲಾಸದ ನಾಳಗಳಿಗೆ ಇಂದಿಗೂ ನಿವೃತ್ತಿಯಿಲ್ಲ.

ತವರದ ಸಂಯುಕ್ತದಿಂದ ಹೆಪ್ಪುಗಟ್ಟುವುದೊಂದು, ಪ್ಲಾಟಿನಮ್ಮಿನಿಂದ ಹೆಪ್ಪುಗಟ್ಟುವುದೊಂದು ಎಂದು ಈ ದ್ರವ್ಯವು ಎರಡು ಬಗೆ. ಮೊದಲನೆಯದು ಕಾಲಕ್ರಮದಲ್ಲಿ ಸ್ವಲ್ಪ ಕುಗ್ಗುವುದು. ಎರಡನೆಯದು ಬಹುಮಟ್ಟಿಗೆ ಕುಗ್ಗದು. ಆದರೆ ಗಂಧಕವು ಸೇರಿದ ಜೇಡಿಯ ಸ್ಪರ್ಶವಾದರೆ ಹೆಪ್ಪುಗಟ್ಟದೆ ಅಂಟಂಟಾಗಿಯೇ ನಿಲ್ಲುವುದು. ಒಂದು ಅಚ್ಚಿನಿಂದ ಕೃತಕ ರಾಳ, ಗಾರೆ, ಮೇಣ ಇವುಗಳಲ್ಲಿ ಹತ್ತಾರು ಪ್ರತಿರೂಪಗಳನ್ನು ತೆಗೆಯಬಹುದು. ಕಡಮೆ ಶಾಖಕ್ಕೆ ಕರಗುವ ತವರದಂಥ ಲೋಹಗಳನ್ನೂ ಅದಕ್ಕೆಂದೇ ತಯಾರಿಸಿದ ಸಿಲಿಕೋನಿನಲ್ಲಿ ಎರೆಯುವುದುಂಟು. ಮೇಣದ ಪ್ರತಿಯನ್ನು ತೆಗೆದು ಅದನ್ನೇ ಮಧೂಚ್ಛಿಷ್ಟವಿಧಾನಕ್ಕೆ ಒಪ್ಪಿಸಿದರೆ, ಒಂದೇ ಮೂರ್ತಿಯನ್ನು ಕೊಡುತ್ತಿದ್ದ ಆ ಪ್ರಾಚೀನ ಕ್ರಮವೂ ಅನೇಕ ಮೂರ್ತಿಗಳನ್ನು ಕೊಡುವಂತಾಗುವುದು. ಮಾತೃಕೆ, ಅಚ್ಚು, ಸೂಕ್ಷ್ಮತೆ ಈ ಮೂರನ್ನೂ ಉಳಿಸಿಕೊಳ್ಳಬೇಕೆಂಬ ಶಿಲ್ಪಿಯ ಆಶಯವು ಹೀಗೆ ಬಹುಮಟ್ಟಿಗೆ ಕೈಗೂಡಿತು.

ಇಲ್ಲಿಗೆ ಲಿಪಿಕಾರನ ‘ಪ್ರತಿ’ಗೂ ಎರಕದ ‘ಪಡಿ’ಗೂ ಇರುವ ಸಾಮ್ಯವು ವಿಶದವಾಗುವುದು. ಓಲೆಯ ಪ್ರತಿಯಿಂದ ಪ್ರತಿ, ಅದರಿಂದ ಇನ್ನೊಂದು ಪ್ರತಿ ಹೀಗೆ ಇಳಿಯುತ್ತ ಬಂದಂತೆಲ್ಲ ಸ್ಖಾಲಿತ್ಯಗಳು ಕೂಡಿಕೊಳ್ಳುವುದನ್ನು ಗ್ರಂಥಸಂಪಾದಕರು ಬಲ್ಲರು. ಯಾವ ಪ್ರತಿಯು ಯಾವುದರಿಂದ ಹುಟ್ಟಿತೆಂಬ ವಂಶಾವಳಿಯನ್ನು ಅವರು ನಿರ್ಣಯಿಸುವುದು ಈ ಸ್ಖಾಲಿತ್ಯಗಳಿಂದಲೇ. ಎರಕದಲ್ಲಿಯೂ ಹಾಗೆಯೇ. ಕಂಚು ಆರುವಾಗ ನೂರಕ್ಕೆ ಒಂದೂವರೆ ಪಾಲಿನಷ್ಟು ಕುಗ್ಗುವುದು. ಕಂಚಿನ ಮೂರ್ತಿಯಿಂದ ಅಚ್ಚು ತೆಗೆದು ಮತ್ತೆ ಕಂಚನ್ನು ಎರೆದರೆ ಹೊಸ ಮೂರ್ತಿಯು ಹಳೆಯದಕ್ಕಿಂತ ಆ ಪ್ರಮಾಣದಲ್ಲಿ ಕಿರಿದಾಗುವುದು, ರೇಖೆಗಳು ಮಸುಕಾಗುವುವು. ಅಳತೆಕೋಲನ್ನು ಹಿಡಿದ ಪರೀಕ್ಷಕನು ಎರಡು ಮೂರ್ತಿಗಳಲ್ಲಿ ಯಾವುದು ತಾಯಿ, ಯಾವುದು ಮಗಳು ಎಂಬುದನ್ನು ಈ ಕುಗ್ಗುವಿಕೆಯಿಂದಲೇ ಗುರುತಿಸಬಲ್ಲನು. ಪಾಠಪರಿಷ್ಕರಣದ ನ್ಯಾಯವು ಲೋಹದಲ್ಲಿಯೂ ನಡೆಯುವುದೆಂದರೆ ಅತಿಶಯೋಕ್ತಿಯಲ್ಲ.

ಸಾಮ್ಯವು ಇಲ್ಲಿಗೇ ನಿಲ್ಲುವುದಿಲ್ಲ. ಮಾತೃಕೆಯು ಜೀರ್ಣವಾಗಿ ಪ್ರತಿಯೇ ಪ್ರಮಾಣವಾಗುವುದು ಗ್ರಂಥಗಳ ವಿಷಯದಲ್ಲಿ ಅಪೂರ್ವವಲ್ಲ. ರೋಮಿನಲ್ಲಿರುವ ಟ್ರೇಜನ್ ಚಕ್ರವರ್ತಿಯ ಸ್ತಂಭದಿಂದ 1861–62ರಲ್ಲಿ ಅಚ್ಚುಗಳನ್ನು ತೆಗೆದಿದ್ದರು. ನಗರದ ಹೊಗೆ ದೂಳುಗಳಿಂದ ಆ ಸ್ತಂಭದ ಶಿಲ್ಪಗಳು ತರುವಾಯ ಸವೆದುಹೋದುದರಿಂದ, ಶಿಲೆಯಲ್ಲಿ ಈಗ ಕಾಣದ ಅನೇಕ ವಿವರಗಳನ್ನು ಗಾರೆಯ ಪ್ರತಿರೂಪಗಳಲ್ಲಿಯೇ ಓದಬೇಕಾಗಿದೆ. ಪ್ರತಿರೂಪವು ಮೂಲಕ್ಕೆ ಸೇವಕನಾಗಿ ಹುಟ್ಟಿ, ಮೂಲವು ಕ್ಷೀಣಿಸಿದಾಗ ಅದರ ಸಾಕ್ಷಿಯಾಗಿ ನಿಂತಿತು.

ಆದರೆ ಸಾಕ್ಷಿಯು ಸತ್ಯವಂತನಾಗಿರಬೇಕಾದರೆ ಎರಡು ನಿಯಮಗಳು ಬೇಕು. ಅಚ್ಚನ್ನು ತೆಗೆಯುವ ಕಾರ್ಯವು ಮೂಲಕ್ಕೆ ಹಾನಿಯನ್ನು ತರಕೂಡದು. ಬಣ್ಣದ ಲೇಪವುಳ್ಳ ಪ್ರತಿಮೆಯ ಮೇಲೆ ಗಾರೆಯನ್ನು ಮೆತ್ತಿ ಎಳೆದರೆ ಬಣ್ಣವೂ ಕಿತ್ತುಬರುವುದು. ಸೂಕ್ಷ್ಮರಂಧ್ರಗಳುಳ್ಳ ಕಲ್ಲಿನ ಮೇಲೆ ರಕ್ಷಣಾಲೇಪವಿಲ್ಲದೆ ಸಿಲಿಕೋನನ್ನು ಸುರಿದರೆ ಅದರ ಎಣ್ಣೆಯು ಇಳಿದು ಕಲೆಯಾಗಿ ನಿಲ್ಲುವುದು. ಎರಡನೆಯದಾಗಿ, ಪ್ರತಿರೂಪವು ತಾನು ಪ್ರತಿರೂಪವೆಂದು ಹೇಳಿಕೊಳ್ಳಬೇಕು. ಲಿಪಿಕಾರನು ಗ್ರಂಥಾಂತ್ಯದಲ್ಲಿ ತನ್ನ ಹೆಸರನ್ನೂ ಬರೆದ ಕಾಲವನ್ನೂ ನಮೂದಿಸುತ್ತಿದ್ದನು. ಆ ಪುಷ್ಪಿಕೆಯಿಂದಲೇ ಪ್ರತಿಯ ಪ್ರಾಮಾಣ್ಯವು ನಿಲ್ಲುವುದು. ಎರಕದ ಪ್ರತಿರೂಪಕ್ಕೂ ಅಂಥ ಪುಷ್ಪಿಕೆಯು ಅವಶ್ಯಕ. ಮೂಲದ ಸ್ಥಾನ, ಅಚ್ಚು ತೆಗೆದ ವರ್ಷ, ಎರೆದ ದ್ರವ್ಯ ಇವುಗಳನ್ನು ಕಾಣದ ಮಗ್ಗುಲಿನಲ್ಲಾದರೂ ಅಚ್ಚೊತ್ತದಿದ್ದರೆ, ಇಂದು ವಿದ್ಯೆಗಾಗಿ ಮಾಡಿದ ಪ್ರತಿಯು ನಾಳೆ ಕೂಟಮೂರ್ತಿಯಾಗಿ ಮಾರಾಟಕ್ಕೆ ಬರಬಹುದು.

ಕನ್ನಡದ ಅತಿಪ್ರಾಚೀನ ಶಾಸನಗಳಲ್ಲಿ ಒಂದೆಂದು ಪರಿಗಣಿತವಾಗಿ, ಐದನೆಯ ಶತಮಾನದ ಮಧ್ಯಭಾಗದ್ದೆಂದು ಸಾಮಾನ್ಯವಾಗಿ ಹೇಳಲ್ಪಡುವ ಹಲ್ಮಿಡಿಯ ಶಾಸನವನ್ನು ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಡೈರೆಕ್ಟರಾಗಿದ್ದ ಡಾಕ್ಟರ್ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಮೂಲಶಿಲೆಯು ಸರಕಾರದ ರಕ್ಷಣೆಯಲ್ಲಿದ್ದು, ಬೇಲೂರು ತಾಲ್ಲೂಕಿನ ಹಲ್ಮಿಡಿ ಗ್ರಾಮದಲ್ಲಿ ಗಾಜಿನ ನಾರಿನಿಂದ ಮಾಡಿದ ಅದರ ಪ್ರತಿರೂಪವನ್ನು ನಿಲ್ಲಿಸಿದ್ದಾರೆ. ಸಾಂಚಿಯಲ್ಲಿ ಮೂಲವು ಊರಿನಲ್ಲಿ ಉಳಿದು ಪ್ರತಿಯು ಹೊರಗೆ ಹೋಯಿತು; ಹಲ್ಮಿಡಿಯಲ್ಲಿ ಮೂಲವು ಹೊರಗೆ ಹೋಗಿ ಪ್ರತಿಯು ಊರಿನಲ್ಲಿ ನಿಂತಿತು. ಎರಡು ಕಡೆಯಲ್ಲಿಯೂ ಪ್ರತಿಯು ಮಾಡಿದ ಕಾರ್ಯವು ಒಂದೇ: ಶಿಲೆಯು ಒಂದೆಡೆ ಸುರಕ್ಷಿತವಾಗಿದ್ದರೂ ಅದರ ದರ್ಶನವು ಮತ್ತೊಂದೆಡೆಯ ಜನರಿಗೆ ತಪ್ಪದಂತೆ ನೋಡಿಕೊಳ್ಳುವುದು. ಓಲೆಯ ಪ್ರತಿಗಳಿಂದ ಕಾವ್ಯಗಳನ್ನು ಉಳಿಸಿಕೊಂಡು ಬಂದ ನಾಡಿನವರಿಗೆ ಈ ಕಾರ್ಯದ ಬೆಲೆಯನ್ನು ಬೇರೆಯಾಗಿ ಬಣ್ಣಿಸಬೇಕಾದುದಿಲ್ಲ.